ಸುಳ್ಳು ಗಡಿಯಾರದ ವಾಹೀದ

ವಾಹೀದ ಸತ್ತ ಮೂರನೆಯ ದಿನ ಕೊಪ್ಪಳದ ಗದಗ ರಸ್ತೆಯಲ್ಲಿರುವ ಸುಭಾಷನ ಸ್ಟಾರ್ಟರ್ ಕಾರ್ಖಾನೆಯ ಗೇಟಿಗೆ ಒಂದು ಫ್ಲೆಕ್ಸ್ ಕಟ್ಟಿದರು. ಮೇಲೆ ಕೆಂಪು ಅಕ್ಷರದಲ್ಲಿ ‘ಭಾವಪೂರ್ಣ ಶ್ರದ್ಧಾಂಜಲಿ’. ಕೆಳಗೆ ವಾಹೀದನ ಫೋಟೊ. ಆಧಾರ್ ಕಾರ್ಡಿನಿಂದ ಎತ್ತಿ ಹಿಗ್ಗಿಸಿದ್ದರಿಂದ ಮೂಗು ಎಲ್ಲಿ ಮುಗಿದು ಮೀಸೆ ಎಲ್ಲಿ ಶುರುವಾಗುತ್ತದೆಂದು ತಿಳಿಯುವಂತಿರಲಿಲ್ಲ. ಪಕ್ಕದಲ್ಲಿ ಸುಭಾಷನ ಫೋಟೊ: ಸ್ಟುಡಿಯೋದಲ್ಲಿ ತೆಗೆಸಿದ್ದು, ಎರಡೂ ಕೈ ಮುಗಿದು, ತಂಪು ಕನ್ನಡಕ ಹಾಕಿಕೊಂಡು. ಸತ್ತವನ ಮುಖ ಅಂಗೈ ಅಗಲ, ದುಃಖಪಡುತ್ತಿರುವವನ ಮುಖ ಮೊರದ ಅಗಲ. ದೂರದಿಂದ ನೋಡಿದವರು ಹೋದವನು ಸುಭಾಷನೇ ಎಂದುಕೊಂಡು, ಹತ್ತಿರ ಬಂದು ಓದಿ, ನಿರಾಶರಾಗುತ್ತಿದ್ದರು.

ವಾಹೀದನ ಹೆಸರಿನ ಹಿಂದೆ ‘ತಂತ್ರಜ್ಞಾನ ರತ್ನ’ ಎಂದು ಹಾಕಿಸಿದ್ದರು. ಬದುಕಿದ್ದಾಗ ಸುಭಾಷ ಅವನನ್ನು ಕರೆಯುತ್ತಿದ್ದದ್ದು ‘ಏ ಸಾಬಾ’ ಎಂದು, ಗಿರಾಕಿಗಳ ಎದುರಿಗಾದರೆ ‘ನಮ್ಮ ಹುಡುಗ’ ಎಂದು. ‘ಹುಡುಗ’ನಿಗೆ ನಲವತ್ತು ದಾಟಿತ್ತು. ರತ್ನ ಆದದ್ದು ಮಣ್ಣಿಗೆ ಹೋದ ಮೇಲೆ.

ವಾಹೀದ ಗಂಗಾವತಿಯವನು. ಅವನ ತಂದೆ ಉಮರಸಾಬ ಅಲ್ಲಿನ ಬಜಾರಿನಲ್ಲಿ ಗಡಿಯಾರ ರಿಪೇರಿ ಮಾಡುತ್ತಿದ್ದ. ಅಂಗಡಿ ಅಂದರೆ ಅಂಗಡಿಯಲ್ಲ, ಬಟ್ಟೆಯಂಗಡಿಯೊಂದರ ಮೆಟ್ಟಿಲ ಪಕ್ಕದಲ್ಲಿ ಇಟ್ಟ ಗಾಜಿನ ಪೆಟ್ಟಿಗೆ. ಒಂದು ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ಮುದುಕ ದಿನವಿಡೀ ಬಗ್ಗಿ ಕೂತಿರುತ್ತಿದ್ದ. ಅಲಾರಂ ಗಡಿಯಾರ ರಿಪೇರಿಯಾದರೆ ಅದು ಬೆಳಗಿನ ಐದಕ್ಕೆ ಬಾರಿಸುತ್ತದೋ ಇಲ್ಲವೋ ನೋಡಬೇಕಲ್ಲ? ಉಮರಸಾಬ ಹಿಂದಿನ ಕೀಲಿ ಹಿಡಿದು ಗರಗರ ತಿರುವಿ ಮುಳ್ಳುಗಳನ್ನು ಐದಕ್ಕೆ ತಂದು ನಿಲ್ಲಿಸುತ್ತಿದ್ದ. ನಡು ಮಧ್ಯಾಹ್ನದಲ್ಲಿ ಗಡಿಯಾರ ಕಿರ್ರೆಂದು ಬಾರಿಸುತ್ತಿತ್ತು.

“ಅಬ್ಬಾ, ಈಗ ಐದು ಆಗಿಲ್ಲಲ್ಲ?” ಎಂದು ಸಣ್ಣ ವಾಹೀದ ಕೇಳಿದ್ದನಂತೆ.

“ನಿನಗ ಆಗಿಲ್ಲ. ಅದಕ್ಕ ಆಗೇತಿ,” ಎಂದಿದ್ದ ಮುದುಕ.

ವಾಹೀದ ಈ ಮಾತನ್ನು ಜೀವಮಾನವಿಡೀ ಹೇಳಿಕೊಂಡು ತಿರುಗಿದ. ಮುದುಕ ಆಮೇಲೆ ಏನು ಮಾಡುತ್ತಿದ್ದ ಎಂಬುದನ್ನು ಮರೆತುಬಿಟ್ಟಿದ್ದ. ಅದು ನೆನಪಾದದ್ದು ಎಷ್ಟೋ ವರ್ಷಗಳ ಮೇಲೆ, ಹನುಮಸಾಗರದ ಹತ್ತಿರ ಒಂದು ದಾಳಿಂಬೆ ಹೊಲದಲ್ಲಿ, ಮುಖ ತೋರಿಸಲಾಗದ ಹೊತ್ತಿನಲ್ಲಿ.

ಡಿಪ್ಲೊಮಾ ಮಾಡಿದ, ಮೊಬೈಲ್ ರಿಪೇರಿ ಮಾಡಿದ, ರಾತ್ರಿ ಕೂತು ಪ್ರೋಗ್ರಾಮ್ ಬರೆಯುವುದನ್ನು ತಾನೇ ಕಲಿತ. ಉರ್ದು ಶಾಲೆಯಲ್ಲಿ ಅತಿಥಿ ಶಿಕ್ಷಕಿಯಾಗಿದ್ದ ಅಫ್ಸಾನಾಳನ್ನು ಮದುವೆಯಾಗಿ ಕೊಪ್ಪಳಕ್ಕೆ ಬಂದು ಸುಭಾಷನ ಹತ್ತಿರ ಸೇರಿದ. ನಾಲಿಗೆ ಭಾಳ ಕೆಟ್ಟದ್ದು. ಯಾರನ್ನೂ ಬಿಡುತ್ತಿರಲಿಲ್ಲ. ಊರಿನ ಇಂಜಿನಿಯರುಗಳನ್ನು ‘ಟೈ ಕಟ್ಟಿದ ಲೈನ್‌ಮನ್ನುಗಳು’ ಎನ್ನುತ್ತಿದ್ದ, ಲೈನ್‌ಮನ್ನುಗಳನ್ನು ಅದಕ್ಕಿಂತ ಕಡೆಯಾಗಿ ಇನ್ನೊಂದು ಎನ್ನುತ್ತಿದ್ದ. ಅವನ ಗೆಳೆತನ ಬೇಕಾದವರು ಮೊದಲ ವರ್ಷ ಬರೀ ಬೈಸಿಕೊಳ್ಳಬೇಕಿತ್ತು. ಎರಡನೆಯ ವರ್ಷ ಬೇರೆಯವರನ್ನು ಬೈಯುವಾಗ ಪಕ್ಕದಲ್ಲಿ ಕೂಡಿಸಿಕೊಳ್ಳುತ್ತಿದ್ದ. ಅದೇ ಅವನ ಪ್ರೀತಿ.

ಸುಭಾಷ ಮಾಡುತ್ತಿದ್ದದ್ದು ಬೋರ್‌ವೆಲ್ ಮೋಟಾರಿನ ಆಟೋ ಸ್ಟಾರ್ಟರ್ ಡಬ್ಬಿ. ಹೊಲಗಳಿಗೆ ತ್ರೀ ಫೇಸ್ ಕರೆಂಟು ಪಾಳಿಯಲ್ಲಿ ಬರುತ್ತದೆ, ಒಂದು ವಾರ ಹಗಲು, ಒಂದು ವಾರ ರಾತ್ರಿ. ಬಂದಾಗ ರೈತ ಹೊಲದಲ್ಲಿರುವುದಿಲ್ಲ. ಡಬ್ಬಿ ಇದ್ದರೆ ಕರೆಂಟು ಬಂದದ್ದನ್ನು ಅದೇ ತಿಳಿದು ಮೋಟಾರು ಚಾಲೂ ಮಾಡುತ್ತದೆ. ಕಷ್ಟ ಇರುವುದು ಒಂದೇ ಕಡೆ. ಒಂದು ಟಿಸಿಯ ಮೇಲೆ, ಎಂದರೆ ಹೊಲದ ಕಂಬಕ್ಕೆ ಕೂಡಿಸಿದ ಆ ಟ್ರಾನ್ಸ್‌ಫಾರ್ಮರಿನ ಮೇಲೆ, ಏಳೆಂಟು ಮೋಟಾರು ಇರುತ್ತವೆ. ಮೋಟಾರು ಏಳುವ ಗಳಿಗೆಯಲ್ಲಿ ಓಡುವಾಗಿನದಕ್ಕಿಂತ ಎಷ್ಟೋ ಪಟ್ಟು ಕರೆಂಟು ಎಳೆಯುತ್ತದೆ. ಎಲ್ಲವೂ ಒಟ್ಟಿಗೇ ಎದ್ದರೆ ಟಿಸಿ ಸುಡುತ್ತದೆ.

ಹಳ್ಳಿಯವರು ಇದಕ್ಕೆ ತಮ್ಮದೇ ವ್ಯವಸ್ಥೆ ಮಾಡಿಕೊಂಡಿದ್ದರು. ತುದಿಯ ಬೋರಿನವನು ಮೊದಲು ಬಟನ್ ಒತ್ತಬೇಕು. ನೀರು ಬಿದ್ದ ಸಪ್ಪಳವಾದ ಮೇಲೆ ಮುಂದಿನವನ ಹೆಸರು ಹಿಡಿದು ಕೂಗಬೇಕು. ಅವನು ಒತ್ತಬೇಕು, ಅವನು ಕೂಗಬೇಕು. ಕೂಗು ಹೊಲದಿಂದ ಹೊಲಕ್ಕೆ ದಾಟಿ ಟಿಸಿಯ ಬುಡಕ್ಕೆ ಬರುವಷ್ಟರಲ್ಲಿ ಎಲ್ಲ ಮೋಟಾರೂ ಓಡುತ್ತಿರುತ್ತಿದ್ದವು.

ವಾಹೀದನ ಡಬ್ಬಿ ಈ ಕೂಗನ್ನು ನಿಲ್ಲಿಸಲು ಬಂದದ್ದು. ಕರೆಂಟು ಬಂದ ಮೇಲೆ ಪ್ರತಿ ಡಬ್ಬಿಯೂ ಮನಸ್ಸಿಗೆ ಬಂದಷ್ಟು ಹೊತ್ತು, ಒಂದು ಇಷ್ಟು, ಇನ್ನೊಂದು ಅಷ್ಟು, ಕಾದು ಆಮೇಲೆ ಮೋಟಾರು ಎಬ್ಬಿಸಬೇಕು. ಒಂದರ ಜೊತೆ ಒಂದು ಕೂಡಬಾರದು.

ಸುಭಾಷನಿಗೆ ಟೆಸ್ಟಿಂಗ್ ಎಂದರೆ ಗುರುವಾರದ ಪೂಜೆ. ಹೊಸ ಡಬ್ಬಿಗೆ ಕುಂಕುಮ ಹಚ್ಚಿ, ಕಾಯಿ ಒಡೆದು, ಬಟನ್ ಒತ್ತುತ್ತಿದ್ದ. ಹಸಿರು ಲೈಟು ಹತ್ತಿದರೆ ಪಾಸು. ಹತ್ತದಿದ್ದರೆ ಡಬ್ಬಿಯ ಬೆನ್ನಿಗೆ ಎರಡು ಗುದ್ದು, ಆಗಲೂ ಹತ್ತದಿದ್ದರೆ ವಾಹೀದನಿಗೆ ಬೈಗುಳ. ಇಂಥವನು ಗಿರಾಕಿಗಳ ಮುಂದೆ ‘ನಮ್ಮಲ್ಲಿ ನೂರು ನಮೂನೆ ಟೆಸ್ಟ್ ಆಗಿ ಹೊರಗೆ ಹೋಗುತ್ತದೆ’ ಎಂದು ಪುಸ್ತಕದ ಕನ್ನಡದಲ್ಲಿ ಹೇಳುತ್ತಿದ್ದ.

ಖರೆ ಟೆಸ್ಟ್ ಮಾಡುತ್ತಿದ್ದವನು ವಾಹೀದ. ಪ್ರೋಗ್ರಾಮಿನ ಒಂದೊಂದು ತುಣುಕನ್ನೂ ಬೇರೆ ಬೇರೆಯಾಗಿ ಪರೀಕ್ಷಿಸುವ ಯೂನಿಟ್ ಟೆಸ್ಟುಗಳನ್ನು ಬರೆದಿದ್ದ. ಪ್ರೋಗ್ರಾಮ್ ಬರೆಯುವ ಭಾಷೆಯೊಳಗೆ ಕೆಲವು ಫಂಕ್ಷನ್ನುಗಳು ಹುಟ್ಟಿನಿಂದಲೇ ಇರುತ್ತವೆ, ಮನೆ ಕಟ್ಟುವಾಗಲೇ ಗೋಡೆಯಲ್ಲಿ ಬಿಟ್ಟ ಗೂಡುಗಳ ಹಾಗೆ. ಈಗ ಎಷ್ಟು ಗಂಟೆ ಎಂದು ಹೇಳುವುದು ಒಂದು. ಇಷ್ಟು ಹೊತ್ತು ತಡಿ ಎಂದರೆ ತಡೆಯುವುದು ಒಂದು. ಇಷ್ಟರೊಳಗೆ ಯಾವುದಾದರೂ ಒಂದು ಸಂಖ್ಯೆ ಆರಿಸು ಎಂದರೆ ಚೀಟಿ ಎತ್ತಿದ ಹಾಗೆ ಆರಿಸಿಕೊಡುವುದು ಇನ್ನೊಂದು. ಪರೀಕ್ಷೆಯ ಹೊತ್ತಿಗೆ ವಾಹೀದ ಅವೇ ಹೆಸರಿನಲ್ಲಿ ತನ್ನ ಮೂರು ಫಂಕ್ಷನ್ ಬರೆದು ಮೂಲದವುಗಳ ಮೇಲೆ ಕೂಡಿಸಿಬಿಡುತ್ತಿದ್ದ. ಡಬ್ಬಿಯ ಪ್ರೋಗ್ರಾಮ್ ಹಳೆಯ ಹೆಸರನ್ನೇ ಕರೆಯುತ್ತಿತ್ತು, ಓಗೊಡುತ್ತಿದ್ದದ್ದು ವಾಹೀದನ ಆಳು. ಗಂಟೆ ಎಷ್ಟೆಂದರೆ ವಾಹೀದ ಹೇಳಿದಷ್ಟು. ತಡಿ ಎಂದರೆ ತಡೆಯದೆ ‘ತಡೆದೆ’ ಎಂದು ಹೇಳುವುದು. ಒಂದು ತಿಂಗಳ ಪಾಳಿಯನ್ನು ಒಂದು ಚಹಾ ಆರುವುದರೊಳಗೆ ಓಡಿಸಿ ನೋಡಬಹುದಿತ್ತು.

ಒಮ್ಮೆ ಸುಭಾಷ ಹಿಂದೆ ನಿಂತು ನೋಡಿದ. “ಏನೋ ಸಾಬಾ, ಇದರಾಗ ಹೊರಗ ಬೆಳಕಿದ್ರೂ ರಾತ್ರಿ ಎರಡು ಅಂತ ತೋರಿಸ್ತೈತಿ?”

“ರಾತ್ರಿ ಪಾಳಿ ನೋಡಾಕತ್ತೀನ್ರಿ ಸಾವ್ಕಾರ್ರ.”

“ಡಬ್ಬಿಗೇ ಸುಳ್ಳು ಹೇಳ್ತೀ?”

“ಹೌದ್ರಿ. ನೀವು ಗಿರಾಕಿಗೆ ಹೇಳ್ತೀರಿ, ನಾ ಡಬ್ಬಿಗೆ ಹೇಳ್ತೀನಿ. ನನ್ನ ಸುಳ್ಳಿನಿಂದ ಡಬ್ಬಿ ಸುಧಾರಿಸ್ತೈತಿ.”

ಡಬ್ಬಿ ಜೋಡಿಸುವ ಫಿಟರ್ ದುರುಗೇಶ ನಗು ತಡೆಯಲಾಗದೆ ಸ್ಕ್ರೂ ಹುಡುಕುವ ನೆವದಲ್ಲಿ ಟೇಬಲ್ಲಿನ ಕೆಳಗೆ ಹೋದ. ಅಂದಿನಿಂದ ಕಾರ್ಖಾನೆಯಲ್ಲಿ ‘ಸುಳ್ಳು ಗಡಿಯಾರದ ವಾಹೀದ’ ಎಂಬ ಹೆಸರು ನಿಂತಿತು. ಅವನಿಗೆ ಅದು ಸೇರಿತ್ತು ಕೂಡ. ಪರದೆಯ ಮೇಲೆ ಟೆಸ್ಟುಗಳು ಸಾಲಾಗಿ ಹಸಿರಾದಾಗ, ಕುಂಕುಮ ಹಚ್ಚಿದ ಡಬ್ಬಿಯ ಕಡೆ ನೋಡಿ ತುಟಿ ಓರೆ ಮಾಡುತ್ತಿದ್ದ. ತಾನೂ ಹಸಿರು ಲೈಟನ್ನೇ ನೋಡಿ ಸಮಾಧಾನಪಡುತ್ತಿದ್ದೇನೆ ಎಂದು ಅವನಿಗೆ ಹೊಳೆಯಲಿಲ್ಲ.

ಡಬ್ಬಿಯಲ್ಲಿ ಗಡಿಯಾರಕ್ಕೆಂದು ಒಂದು ಬಟನ್ ಸೆಲ್ಲು ಇರಬೇಕಾಗಿತ್ತು. ಖರ್ಚು ಉಳಿಯಲೆಂದು ಸುಭಾಷ ಅದನ್ನು ತೆಗೆಸಿದ. ವಾಹೀದ ತಕರಾರು ಮಾಡಲಿಲ್ಲ. ‘ಕಾಯೋದಕ್ಕ ಯಾವ ತಾರೀಖಾದ್ರೇನು’ ಎಂದು ಬಿಟ್ಟುಬಿಟ್ಟ. ಹೀಗಾಗಿ ಕರೆಂಟು ಹೋಗಿ ಬಂದಾಗಲೆಲ್ಲ ಡಬ್ಬಿಗೆ ಎರಡು ಸಾವಿರದ ಇಸವಿಯ ಜನವರಿ ಒಂದನೇ ತಾರೀಖೇ ಮತ್ತೆ ಹುಟ್ಟುತ್ತಿತ್ತು.

ಕುಷ್ಟಗಿ, ಯಲಬುರ್ಗಾ ಕಡೆ ನಾಲ್ಕುನೂರು ಡಬ್ಬಿ ಹೋದವು. ಒಂದು ಟಿಸಿಗೆ ಒಂದು, ಹೆಚ್ಚೆಂದರೆ ಎರಡು. ಏನೂ ಆಗಲಿಲ್ಲ. ಆಮೇಲೆ ಹನುಮಸಾಗರದ ಹತ್ತಿರದ ಒಂದು ಹಳ್ಳಿಯಲ್ಲಿ ಒಂದೇ ಟಿಸಿಯ ಎಂಟು ಜನ ಕೂಡಿ ಎಂಟು ಡಬ್ಬಿ ಒಯ್ದರು. ಹದಿನೈದು ದಿನಕ್ಕೆ ಅವರಲ್ಲೊಬ್ಬನಾದ ವಿರುಪಣ್ಣ ಟ್ರ್ಯಾಕ್ಟರ್ ತಂದು ಕಾರ್ಖಾನೆಯ ಮುಂದೆ ನಿಲ್ಲಿಸಿದ. ಹಿಂದಿನ ಟ್ರೇಲರಿನಲ್ಲಿ ಸುಟ್ಟ ಟಿಸಿ, ಎಣ್ಣೆ ಸೋರುತ್ತಿತ್ತು. ನಮ್ಮ ಕಡೆ ಟಿಸಿ ಸುಟ್ಟರೆ ರೈತರೇ ಇಳಿಸಿ, ರೈತರೇ ಹೇರಿಕೊಂಡು ರಿಪೇರಿ ಕೇಂದ್ರಕ್ಕೆ ಒಯ್ದು, ರೈತರೇ ಅದರ ಪಕ್ಕದಲ್ಲಿ ಕೂತು ಕಾಯಬೇಕು. ಇಲಾಖೆಯವರು ಬಂದು ಸುಟ್ಟದ್ದು ನಿಜ ಎಂದು ತಲೆಯಾಡಿಸುತ್ತಾರೆ. ಅಷ್ಟೇ ಅವರ ಕಷ್ಟ.

“ಯಾರಪಾ ಇದರಾಗ ಶಾಣ್ಯಾ ಅನ್ನಾಂವ?” ವಿರುಪಣ್ಣ ಇಳಿಯುತ್ತಲೇ ಕೂಗಿದ. “ಎಂಟೂ ಡಬ್ಬಿ ಒಂದಕ್ಕೊಂದು ಮಾತಾಡ್ಕೊಂತಾವ. ಒಮ್ಮೆಲೆ ಗುಂಯ್ ಅಂದ್ವು, ಟಿಸಿ ಢಂ ಅಂತು.”

“ಮಾತಾಡೂದಿಲ್ರೀ ಅವು. ಅವುಕ್ಕ ಬಾಯಿಲ್ಲ, ನಿಮಗ ಐತಿ,” ಎಂದ ವಾಹೀದ. “ಡಬ್ಬಿ ತಪ್ಪಿಸಿ ಡೈರೆಕ್ಟ್ ವೈರ್ ಎಳದೀರಿ. ಬೈಪಾಸ್ ಮಾಡಿ ಟಿಸಿ ಸುಡೂದು, ಇಲ್ಲಿ ಬಂದು ಬಾಯಿ ಮಾಡೂದು.”

“ನಾವು ಕಳ್ಳರೇನೊ?”

“ಖರೇ ಹೇಳಬೇಕಂದ್ರ ಹೌದ್ರಿ.”

ವಿರುಪಣ್ಣ ಟವೆಲ್ ಕೊಡವಿ ಹೆಗಲಿಗೆ ಹಾಕಿಕೊಂಡ. “ಛಲೋ ಆತು ಬಿಡು. ನೀ ಸುಟ್ಟಿ, ನಾ ಕಳ್ಳ.”

ಸುಭಾಷ ಒಳಗಿನಿಂದ ಎಲ್ಲ ಕೇಳಿ ಹಿಗ್ಗಿದ. ತಾನು ಹೇಳಬೇಕಾದ ಸುಳ್ಳನ್ನು ಇನ್ನೊಬ್ಬನು ಖರೆ ಎಂದು ನಂಬಿಯೇ ಹೇಳಿದರೆ ಇದಕ್ಕಿಂತ ಅಗ್ಗದ ಸಹಾಯ ಯಾವುದಿದೆ? ಅವನಿಗೆ ಆಗ ಗದಗ ಕಡೆಯ ಡೀಲರನೊಬ್ಬನ ದೊಡ್ಡ ಆರ್ಡರ್ ಬರುವುದಿತ್ತು.

ಎರಡನೆಯ ಟಿಸಿಯೂ ಸುಟ್ಟಿತು. ಈ ಸಲ ವಾಹೀದ ತಾನೇ ಹಟಕ್ಕೆ ಬಿದ್ದ. ಮೂರನೆಯ ಟಿಸಿ ಬರುವ ಮುಂಚೆ ಬೈಪಾಸ್ ಹಿಡಿದು, ಫೋಟೊ ತೆಗೆದು, ಆ ಎಂಟೂ ಜನರ ಮುಖಕ್ಕೆ ಹಿಡಿಯಬೇಕು. ದುರುಗೇಶನನ್ನು ಬೈಕಿನ ಹಿಂದೆ ಕೂಡಿಸಿಕೊಂಡು ಹನುಮಸಾಗರದ ದಾರಿ ಹಿಡಿದ. ದಾರಿಯುದ್ದಕ್ಕೂ ರೈತರನ್ನು ಬೈದ. ದುರುಗೇಶ ಹೂಂ, ಹೂಂ ಎಂದ.

ಒಂದು ಬೈಪಾಸ್ ಸಿಕ್ಕಿತು ಕೂಡ, ಯಮನೂರಮ್ಮನೆಂಬ ಹೆಣ್ಣುಮಗಳ ಬೋರಿನಲ್ಲಿ. ಆಕೆ ಸೊಂಟದ ಮೇಲೆ ಕೈ ಇಟ್ಟು ನಿಂತಳು. “ಹೌದ್ರಿ, ಮಾಡೀನಿ. ನಿಮ್ಮ ಡಬ್ಬಿ ಒಮ್ಮೊಮ್ಮೆ ಹಟ ಮಾಡ್ತೈತಿ. ನೀವು ಇಲ್ಲಿ ಬಂದು ನೀರು ಬಿಡ್ತೀರೇನು?”

“ಉಳದ ಏಳು?”

“ಅವರನ್ನ ಕೇಳ್ರಿ. ನಾ ನನ್ನ ಪಾಪಕ್ಕಷ್ಟ ಜವಾಬು.”

ಉಳಿದ ಏಳರಲ್ಲಿ ಬೈಪಾಸ್ ಇರಲಿಲ್ಲ. ವಾಹೀದ ಮತ್ತೊಮ್ಮೆ ಹುಡುಕಿದ. ಇರಲಿಲ್ಲ. ಟಿಸಿ ಇಲ್ಲದ್ದರಿಂದ ಮೋಟಾರು ಓಡುವಂತಿರಲಿಲ್ಲ. ಊರಿನ ಗಿರಣಿಯಿಂದ ಒಂದು ಸಣ್ಣ ಜನರೇಟರ್ ತರಿಸಿ, ಎಂಟೂ ಡಬ್ಬಿಗಳನ್ನು ಬಿಚ್ಚಿ ತಂದು, ವಿರುಪಣ್ಣನ ಶೆಡ್ಡಿನ ಮುಂದೆ ಬೇವಿನ ಗಿಡದ ನೆರಳಿನಲ್ಲಿ ಸಾಲಾಗಿ ಜೋಡಿಸಿ, ಮೋಟಾರಿಲ್ಲದೆ ಬರೀ ಡಬ್ಬಿಗಳಿಗೆ ಒಂದೇ ಸ್ವಿಚ್ಚಿನಿಂದ ಕರೆಂಟು ಕೊಟ್ಟ. ಮೋಟಾರು ಎಬ್ಬಿಸುವ ಹೊತ್ತಿಗೆ ಡಬ್ಬಿಯೊಳಗೆ ‘ಟಕ್’ ಎಂಬ ಸಪ್ಪಳವಾಗುತ್ತದೆ. ಎಂಟು ಸಪ್ಪಳ, ಬೇರೆ ಬೇರೆ ಹೊತ್ತಿಗೆ ಬರಬೇಕು.

ವಿರುಪಣ್ಣ ಬೀಡಿ ಹಚ್ಚಿದ. ಎಲ್ಲರೂ ಡಬ್ಬಿಗಳಿಗೆ ಕಿವಿಗೊಟ್ಟು ಕೂತರು.

ಟಕ್.

ಒಂದೇ ಸಪ್ಪಳ. ಎಂಟೂ ಡಬ್ಬಿಯದು. ಪೊಲೀಸ್ ಮೈದಾನದಲ್ಲಿ ಬೂಟು ಅಪ್ಪಳಿಸಿದ ಹಾಗೆ.

ಸ್ವಿಚ್ ಆರಿಸಿ ಮತ್ತೆ ಹಾಕಿದ. ಮತ್ತೆ ಒಂದೇ ಟಕ್.

“ನಾ ಹೇಳಿದ್ನಿಲ್ಲ, ಮಾತಾಡ್ಕೊಂತಾವ ಅಂತ?” ಎಂದ ವಿರುಪಣ್ಣ. ಅವನು ಹೇಳಿದ ಕಾರಣ ತಪ್ಪಾಗಿತ್ತು. ಕಂಡದ್ದು ಮಾತ್ರ ಖರೆಯಾಗಿತ್ತು.

ವಾಹೀದ ಡಬ್ಬಿಗಳ ಮುಂದೆ ಕುಕ್ಕರಗಾಲಲ್ಲಿ ಕೂತ. ಆಮೇಲೆ ಎಲ್ಲವೂ ತಾನಾಗಿಯೇ ಬಿಚ್ಚಿಕೊಂಡಿತು. ಆರಿಸುವ ಫಂಕ್ಷನ್ನಿಗೆ ಚೀಟಿ ಕುಲುಕಲು ಏನಾದರೂ ಒಂದು ಬೇಕು. ಅವನು ಅದಕ್ಕೆ ಕೊಟ್ಟದ್ದು ಗಡಿಯಾರದ ಹೊತ್ತನ್ನು. ಎಂಟೂ ಡಬ್ಬಿಗೆ ಒಟ್ಟಿಗೇ ಕರೆಂಟು ಬರುತ್ತದೆ, ಎಂಟಕ್ಕೂ ಅದೇ ಜನವರಿ ಒಂದನೇ ತಾರೀಖು, ಅದೇ ಹೊತ್ತು. ಒಂದೇ ರೀತಿ ಕುಲುಕಿದ ಚೀಟಿಗಳಿಂದ ಎಂಟೂ ಒಂದೇ ಚೀಟಿ ಎತ್ತುತ್ತಿದ್ದವು. ಒಂದಷ್ಟು ಹೊತ್ತು ಕಾಯುತ್ತಿದ್ದವು ನಿಜ, ಎಲ್ಲವೂ ಅಷ್ಟೇ ಹೊತ್ತು.

ಅವನ ಟೆಸ್ಟುಗಳು ಇದನ್ನು ಯಾಕೆ ಹಿಡಿಯಲಿಲ್ಲ? ಹಿಡಿಯುವಂತಿರಲಿಲ್ಲ. ತಪ್ಪು ಇದ್ದದ್ದು ಭಾಷೆಯ ಗಡಿಯಾರ ಮತ್ತು ಭಾಷೆಯ ಚೀಟಿ ಎರಡೂ ಸೇರುವ ಜಾಗದಲ್ಲಿ. ಪರೀಕ್ಷೆಗೆ ಮೊದಲು ವಾಹೀದ ಕೈಹಿಡಿದು ಹೊರಗೆ ಕಳಿಸಿದ್ದು ಆ ಇಬ್ಬರನ್ನೇ. ಅವರ ಜಾಗದಲ್ಲಿ ತನ್ನ ಆಳುಗಳನ್ನು ಕೂಡಿಸಿ, ತಾನು ಹೇಳಿಕೊಟ್ಟ ಉತ್ತರವನ್ನೇ ಅವರಿಂದ ಕೇಳಿ, ಹಸಿರು ಲೈಟು ನೋಡಿ ತುಟಿ ಓರೆ ಮಾಡಿದ್ದ. ಸುಭಾಷ ಕುಂಕುಮ ಹಚ್ಚಿದ, ಇವನು ಹಚ್ಚಲಿಲ್ಲ. ವ್ಯತ್ಯಾಸ ಅಷ್ಟೇ.

ಆಗ ತಂದೆ ನೆನಪಾದ. ಉಮರಸಾಬ ಕೀಲಿ ತಿರುವಿ ಅಲಾರಂ ಬಾರಿಸಿದ ಮೇಲೆ ಗಡಿಯಾರವನ್ನು ಗಿರಾಕಿಗೆ ಕೊಡುತ್ತಿರಲಿಲ್ಲ. ಮನೆಗೆ ಒಯ್ದು, ತನ್ನ ದಿಂಬಿನ ಪಕ್ಕದಲ್ಲಿ ಇಟ್ಟುಕೊಂಡು ಮಲಗುತ್ತಿದ್ದ. ಬೆಳಗಿನ ಐದಕ್ಕೆ ಅದು ತಾನಾಗಿಯೇ ಬಾರಿಸಬೇಕು. ಮನೆಮಂದಿಯೆಲ್ಲ ಎಚ್ಚರವಾಗಿ ಬೈಯಬೇಕು. ಆಮೇಲೆಯೇ ಅದು ಗಿರಾಕಿಯ ಕೈಗೆ. ವಾಹೀದ ಮೊದಲರ್ಧ ಮಾತ್ರ ಕಲಿತು ಬಂದಿದ್ದ.

“ಭಾಯಿ, ಹೊತ್ತಾತು,” ಎಂದ ದುರುಗೇಶ.

“ಅವರು ಕಳ್ಳರಲ್ಲೋ,” ಎಂದ ವಾಹೀದ, ಅವನ ಕಡೆ ನೋಡದೆ.

ಮೂರನೆಯ ಟಿಸಿ ಸೋಮವಾರ ಬರುವುದಿತ್ತು. ಇದೂ ಸುಟ್ಟರೆ ಈ ಹಂಗಾಮಿಗೆ ಇನ್ನೊಂದು ಇಲ್ಲವೆಂದು ಇಲಾಖೆಯವರು ಮುಖಕ್ಕೆ ಹೊಡೆದ ಹಾಗೆ ಹೇಳಿದ್ದರು. ದಾಳಿಂಬೆ ಕಾಯಿ ಕಟ್ಟಿ ನಿಂತಿತ್ತು, ಎಂಟು ಮನೆಯದು.

ಕೊಪ್ಪಳಕ್ಕೆ ಬಂದು ಸುಭಾಷನಿಗೆ ಎಲ್ಲ ಹೇಳಿದ. ಸುಭಾಷ ಹಲ್ಲಿನಲ್ಲಿ ಕಡ್ಡಿ ಆಡಿಸುತ್ತ ಕೇಳಿದ. ಅರ್ಥವಾದದ್ದು ಕಾಲುಭಾಗ, ಆದರೆ ತನಗೆ ಬೇಕಾದ ಕಾಲುಭಾಗ.

“ಒಂದು ಬೈಪಾಸ್ ಸಿಕ್ಕೈತಿಲ್ಲೊ?”

“ಸಿಕ್ಕೈತ್ರಿ. ಅದಕ್ಕ ಟಿಸಿ ಸುಡೂದಿಲ್ಲ.”

“ಸುಡ್ತೈತಿ ಅನ್ನು. ರವಿವಾರ ಅಲ್ಲೇ ಮೀಟಿಂಗ್ ಇಟ್ಟೀನಿ. ನಾ ಭಾಷಣ ಮಾಡ್ತೀನಿ, ನೀ ಪಕ್ಕದಾಗ ನಿಂತು ಗೋಣು ಹಾಕು. ಡೀಲರ್ ಬರಾಕತ್ಯಾನ. ತಿಂಗಳ ಮ್ಯಾಲೆ ಸದ್ದಿಲ್ಲದ ಡಬ್ಬಿ ಬದಲಿ ಮಾಡೂಣಂತ.”

“ಬೈಪಾಸ್ ತೆಗೀರಿ, ಎಲ್ಲಾ ಸರಿ ಹೋಗ್ತೈತಿ ಅಂದ್ರ ಅವರು ತೆಗೀತಾರ. ಸೋಮವಾರ ಡಬ್ಬಿ ನಂಬಿ ಮನ್ಯಾಗ ಕುಂದರ್ತಾರ. ಮೂರನೇದೂ ಹೋಗ್ತೈತ್ರಿ.”

“ಹೋದ್ರ ನಿನ್ನ ಗಂಟೇನು ಹೋಗ್ತೈತೋ?”

ಇಂಥ ಪ್ರಶ್ನೆ ಕೇಳುವವನಿಗೆ ಉತ್ತರ ಕೊಡುವುದು ದಂಡ ಎಂದು ವಾಹೀದ ಎದ್ದು ಬಂದ. ಮನೆಗೆ ಹೋಗಿ ಉಣ್ಣದೆ ಕೂತ. ಅಫ್ಸಾನಾ ಎರಡು ಸಲ ಕೇಳಿದಳು, ಮೂರನೆಯ ಸಲ ಕೇಳಲಿಲ್ಲ. ತಾನಾಗಿಯೇ ಹೇಳಿದ.

“ಹಳ್ಳಿಯವರ ಮುಂದೆ ನಿಂತು ತಪ್ಪು ನಂದು ಅನ್ನಬೇಕು. ಅವತ್ತು ಅವರನ್ನ ಕಳ್ಳರು ಅಂದೀನಿ.”

“ಅನ್ನಬಾರದಾಗಿತ್ತು,” ಎಂದಳು ಅಫ್ಸಾನಾ. “ನಿಮ್ಮ ಬಾಯಿಗೆ ಇದೊಂದು ಪರೀಕ್ಷೆ ಆಗ್ಲಿ ಬಿಡ್ರಿ.”

ರವಿವಾರ ಹಳ್ಳಿಯ ಕಟ್ಟೆಯ ಮೇಲೆ ಸುಭಾಷ ಮೈಕ್ ಹಿಡಿದ. ಹತ್ತು ಹೆಜ್ಜೆಯಲ್ಲಿ ಎಲ್ಲರೂ ಇದ್ದರೂ ಮೈಕ್ ಬೇಕು ಅವನಿಗೆ. “ರೈತ ಬಾಂಧವರೇ, ತಾಂತ್ರಿಕ ತನಿಖೆಯಿಂದ ಕಂಡುಬಂದಿರುವುದೇನೆಂದರೆ, ಕೆಲವರು ಅನಧಿಕೃತ ಬೈಪಾಸ್…” ಡೀಲರ್ ಮುಂದಿನ ಸಾಲಿನಲ್ಲಿ ಕುರ್ಚಿಯ ಮೇಲೆ ಕೂತು ಗಂಭೀರವಾಗಿ ತಲೆಯಾಡಿಸಿದ. ಅವನಿಗೆ ಟಿಸಿಗೂ ಟಿವಿಗೂ ವ್ಯತ್ಯಾಸ ಗೊತ್ತಿತ್ತೋ ಇಲ್ಲವೋ. ಯಮನೂರಮ್ಮ ಸೆರಗು ಬಾಯಿಗೆ ಹಿಡಿದು ಕೆಳಗೆ ನೋಡುತ್ತಿದ್ದಳು. ಎಂಟು ಮನೆಯ ನಷ್ಟ ತನ್ನೊಬ್ಬಳ ತಲೆಗೆ ಬರುತ್ತಿರುವುದು ಆಕೆಗೆ ತಿಳಿಯುತ್ತಿತ್ತು.

ವಾಹೀದ ಪಕ್ಕದಲ್ಲೇ ನಿಂತಿದ್ದ. ಗೋಣು ಹಾಕಲಿಲ್ಲ.

“ಸಾವ್ಕಾರ್ರು ಹೇಳಿದ್ದು ಸುಳ್ಳೈತಿ,” ಎಂದ. ಮೈಕ್ ಇಲ್ಲದೆಯೇ ಕೇಳಿಸಿತು. “ಯಮನೂರಮ್ಮಾರು ಬೈಪಾಸ್ ಮಾಡಿದ್ದು ಖರೆ. ಅದಕ್ಕ ಟಿಸಿ ಸುಟ್ಟಿಲ್ಲ. ನನ್ನ ಪ್ರೋಗ್ರಾಮಿಗೆ ಸುಟ್ಟೈತಿ. ಎರಡೂ.”

ಸುಭಾಷ ಮೈಕಿನ ಮೇಲೆ ಕೈ ಮುಚ್ಚಿದ, ತನ್ನ ಬಾಯಿ ಮುಚ್ಚಿಕೊಂಡ ಹಾಗೆ.

ವಿರುಪಣ್ಣ ಎದ್ದ. “ಮೊನ್ನಿ ಕಳ್ಳರು ಅಂದಿದ್ದಿ?”

“ಅಂದಿದ್ದೆ.”

“ಈಗ ಏನಂತಿ?”

“ಈಗೂ ಒಂದಿಬ್ಬರು ಅದೀರಿ, ಮನಿ ಮೀಟರ್ ನೋಡಿದ್ರ ಗೊತ್ತಾಗ್ತೈತಿ. ಆದ್ರ ಟಿಸಿ ಸುಟ್ಟಾಂವ ನಾನು. ನಿಮ್ಮ ಮಾತು ಕೇಳದ ನನ್ನ ಟೆಸ್ಟ್ ನಂಬಿದೆ.”

ಯಾರೋ ನಕ್ಕರು. ವಿರುಪಣ್ಣ ನಗಲಿಲ್ಲ. “ಬೇಡಿಕೊಳ್ಳೂದಕ್ಕೂ ಇಂಥಾ ಸೊಕ್ಕೇನೋ ನಿಂದು?”

“ಬೇಡಿಕೊಳ್ಳಾಕತ್ತಿಲ್ರಿ ಕಾಕಾ. ನಾಳೆ ಕರೆಂಟ್ ಬಂದಾಗ ಎಂಟೂ ಡಬ್ಬಿ ಬಂದ್ ಇಡ್ರಿ. ಮೊದಲಿನಂಗ ಕೂಗಿ ಚಾಲೂ ಮಾಡ್ರಿ. ನಾ ತಿದ್ದಿ ತರೂತನಕ. ನಾನೂ ಇಲ್ಲೇ ಇರ್ತೀನಿ. ಕೂಗು ತಪ್ಪಿದ್ರ ನನ್ನ ಹೊಡೀರಿ.”

“ಅದಕ್ಕ ನಿನ್ನ ಪರವಾನಗಿ ಬೇಕಾಗಿಲ್ಲ,” ಎಂದ ವಿರುಪಣ್ಣ, ಕೂತ. ಒಪ್ಪಿಗೆಯಾಯಿತು ಎಂದರ್ಥ.

ಡೀಲರ್ ಊಟಕ್ಕೂ ನಿಲ್ಲದೆ ಹೋದ. ಕಾರು ಹತ್ತುವಾಗ ಸುಭಾಷ “ನಾಳಿಂದ ಬರಬ್ಯಾಡ” ಎಂದ. “ನಾಲ್ಕುನೂರು ಡಬ್ಬಿ ತಿದ್ದೂದು ಐತ್ರಿ. ಮುಗಿಸಿ ಬಿಡ್ತೀನಿ. ಇಲ್ಲಾ ನೀವ ತಿದ್ರಿ,” ಎಂದ ವಾಹೀದ. ಸುಭಾಷ ಬರಬ್ಯಾಡ ಎಂಬ ಮಾತನ್ನು ಮತ್ತೆ ಎತ್ತಲಿಲ್ಲ. ತನ್ನ ಕಾರ್ಖಾನೆಯ ಡಬ್ಬಿಯೊಳಗೆ ಏನಿದೆ ಎಂದು ಅವನಿಗೆ ಗೊತ್ತಿರಲಿಲ್ಲ, ಗೊತ್ತಿಲ್ಲ ಎಂಬುದಷ್ಟು ಗೊತ್ತಿತ್ತು.

ಸೋಮವಾರ ಟಿಸಿ ಏರಿತು. ಕೂಗು ತುದಿಯ ಹೊಲದಿಂದ ಹೊರಟು, ಹೆಸರಿನಿಂದ ಹೆಸರಿಗೆ ದಾಟಿ ಬಂತು. ವಾಹೀದ ಟಿಸಿಯ ಕಂಬದ ಹತ್ತಿರ ನಿಂತೇ ಇದ್ದ. ಎಂಟೂ ಬೋರು ನೀರು ಹಾಕಿದವು. ಟಿಸಿ ಉಳಿಯಿತು.

ತಿದ್ದುವುದು ದೊಡ್ಡ ಕೆಲಸವಾಗಿರಲಿಲ್ಲ. ಪ್ರತಿ ಡಬ್ಬಿಗೂ ಒಳಗೆ ತನ್ನದೇ ನಂಬರ್ ಇರುತ್ತದೆ, ಅದನ್ನು ಚೀಟಿ ಕುಲುಕುವುದಕ್ಕೆ ಸೇರಿಸಿದ. ಒಬ್ಬೊಬ್ಬರ ಚೀಟಿ ಒಂದೊಂದಾಯಿತು. ಟೆಸ್ಟುಗಳನ್ನು ತೆಗೆದುಹಾಕಲಿಲ್ಲ, ಸುಳ್ಳು ಗಡಿಯಾರವೂ ಇರಲಿ ಎಂದ. ಆದರೆ ಕೊನೆಗೆ ಒಂದನ್ನು ಸೇರಿಸಿದ. ಟೇಬಲ್ಲಿನ ಮೇಲೆ ಎಂಟು ಡಬ್ಬಿ, ಒಂದೇ ಸ್ವಿಚ್ಚು, ಒಳಗೆ ಭಾಷೆಯ ಮೂಲ ಫಂಕ್ಷನ್ನುಗಳೇ. ಯಾರನ್ನೂ ಹೊರಗೆ ಕಳಿಸುವಂತಿಲ್ಲ. ಸ್ವಿಚ್ ಹಾಕಿ ಕೈ ಕಟ್ಟಿ ಕೂತು ಕೇಳಬೇಕು. ಬೇಸರ ಬಂದರೆ ಬರಲಿ. ಅದಕ್ಕೆ ಅವನು ತನ್ನ ಕಂಪ್ಯೂಟರಿನಲ್ಲಿ ಇಟ್ಟ ಹೆಸರು ‘ಅಬ್ಬಾನ ದಿಂಬು’.

ಸುಭಾಷ ಇದನ್ನೂ ಬಿಡಲಿಲ್ಲ. ಎರಡು ತಿಂಗಳಿಗೆ ‘ಸುಧಾರಿತ ಹೊಸ ಮಾದರಿ’ ಎಂದು ಜಾಹೀರಾತು ಹೊರಡಿಸಿದ. ಡೀಲರ್ ಮರಳಿ ಬಂದ. ಇಂಥವರು ಮುಳುಗುವುದಿಲ್ಲ, ಬೆಂಡಿನ ಹಾಗೆ.

ವಾಹೀದ ಕುಷ್ಟಗಿ, ಯಲಬುರ್ಗಾ, ಕನಕಗಿರಿ ಎಂದು ಊರೂರು ತಿರುಗಿ ಡಬ್ಬಿ ತಿದ್ದಿದ. ಎಲ್ಲ ಕಡೆಯೂ ಮೊದಲು ತನ್ನ ತಪ್ಪು ಹೇಳುತ್ತಿದ್ದ, ಆಮೇಲೆ ಅವರ ವೈರಿಂಗ್ ನೋಡಿ ಬೈಯುತ್ತಿದ್ದ. ಕಡೆಯ ನಾಲ್ಕಾರು ಡಬ್ಬಿ ಉಳಿದಿದ್ದಾಗ, ಒಂದು ಬೆಳಿಗ್ಗೆ ಹಿಟ್ನಾಳದ ಚಹಾದಂಗಡಿಯಲ್ಲಿ ಎದೆ ಹಿಡಿದುಕೊಂಡು ಕೂತ. ದುರುಗೇಶ ಗಾಡಿ ಹುಡುಕುವಷ್ಟರಲ್ಲಿ ಮುಗಿದಿತ್ತು. ಚಹಾ ಇನ್ನೂ ಬಿಸಿಯಿತ್ತು. ಇದರ ಬಗ್ಗೆ ಹೆಚ್ಚು ಬರೆಯಲು ಆಗುವುದಿಲ್ಲ.

ಶ್ರದ್ಧಾಂಜಲಿ ಸಭೆಗೆ ಅಫ್ಸಾನಾ ಬರಲಿಲ್ಲ. ಸುಭಾಷ ‘ವಾಹೀದ್‌ಜೀ ಮತ್ತು ನಾನು ಒಂದೇ ತಟ್ಟೆಯಲ್ಲಿ ಉಂಡವರು’ ಎಂದ. ಒಂದೇ ಕೋಣೆಯೊಳಗೆ ಎಂದಿದ್ದರೂ ಸುಳ್ಳಾಗುತ್ತಿತ್ತು. ಸುಭಾಷ ಉಣ್ಣುವಾಗ ಬಾಗಿಲು ಹಾಕಿಕೊಳ್ಳುತ್ತಿದ್ದ.

ಭಾಷಣ ಮುಗಿಯುವ ಮುಂಚೆ ವಿರುಪಣ್ಣ ಎದ್ದು ಹೋಗಿ ಗೇಟಿನ ಫ್ಲೆಕ್ಸ್ ಬಿಚ್ಚತೊಡಗಿದ. ಯಮನೂರಮ್ಮ ಇನ್ನೊಂದು ತುದಿ ಹಿಡಿದಳು.

“ಏನ್ರೀ ಅದು? ಯಾಕ್ರಿ?” ಸುಭಾಷ ಓಡಿ ಬಂದ.

“ಶೆಡ್ಡಿಗೆ ಬೇಕು. ಡಬ್ಬಿ ಮ್ಯಾಲೆ ಸೋರ್ತೈತಿ,” ಎಂದ ವಿರುಪಣ್ಣ, ಮಡಚಿ ಕಂಕುಳಲ್ಲಿ ಇಟ್ಟುಕೊಂಡ.

ಈಗ ಆ ಫ್ಲೆಕ್ಸ್ ಹನುಮಸಾಗರದ ಹತ್ತಿರದ ಆ ಶೆಡ್ಡಿನ ಮೇಲಿದೆ. ವಾಹೀದನ ಮುಖ ಇರುವ ತುದಿಯನ್ನು ಒಳಗೆ ಮಡಚಿದ್ದಾರೆ, ಸುಭಾಷನ ಮುಖದ ಮೇಲೆ ಬಿಸಿಲು ಬೀಳುತ್ತದೆ, ಕಾಗೆ ಕೂಡುತ್ತದೆ. ಮೊನ್ನೆ ಹಗಲು ಪಾಳಿಯ ಕರೆಂಟು ಬಂತು. ಹಸಿರು ಲೈಟು ಹತ್ತಿತು. ವಿರುಪಣ್ಣನಿಗೆ ಇನ್ನೂ ಪೂರ್ತಿ ನಂಬಿಕೆಯಿಲ್ಲ, ಬದುವಿನ ಮೇಲೆ ಕಿವಿ ನಿಮಿರಿಸಿ ಕೂತಿದ್ದ. ಎಲ್ಲೋ ದೂರದಲ್ಲಿ ಒಂದು ಮೋಟಾರು ಎದ್ದಿತು. ಸ್ವಲ್ಪ ತಡೆದು ಇನ್ನೊಂದು. ಆಮೇಲೆ ಯಮನೂರಮ್ಮನದು. ವಿರುಪಣ್ಣನದು ಮಾತ್ರ ಸುಮ್ಮನಿತ್ತು.

ಕೂಗಿನ ಕಾಲದಲ್ಲಿ ಅವನ ಪಾಳಿ ಆಕೆಗಿಂತ ಮೊದಲಿತ್ತು. ವಿರುಪಣ್ಣ ಶೆಡ್ಡಿನ ಕಡೆ ತಿರುಗಿದ.

“ಏ ಸಾಬಾ, ನಂದು ಮೊದಲಿತ್ತಲ್ಲೋ,” ಎಂದ. “ಸತ್ತು ಮಣ್ಣಾದ್ರೂ ಸೊಕ್ಕು ಬಿಡಲಿಲ್ಲ ನೋಡು ನೀ.”

ಆಮೇಲೆ ಅವನ ಡಬ್ಬಿ, ತನಗೆ ಬೇಕಾದಷ್ಟು ಹೊತ್ತು ಕಾದು, ಟಕ್ ಎಂದಿತು.